ಪಂಜೆಯವರ ಬಾಲಸಾಹಿತ್ಯವೂ ನಮ್ಮ ಗಡಿನಾಡಿನ ಮಕ್ಕಳೂ

ಕಾಸರಗೋಡು ಸೀಮೆಯ ಯಾವ ಕನ್ನಡ ಮನೆಗಾದರೂ ಹೋಗಿ, ಅಲ್ಲಿ ಜಗಲಿಯ ಮೇಲೆ ಕುಳಿತಿರುವ ಹಿರಿಯರೊಬ್ಬರನ್ನು, 'ತಾವು ಶಾಲೆಯಲ್ಲಿ ಕಲಿತ ಪದ್ಯಗಳಲ್ಲಿ ಈಗಲೂ ಬಾಯಿಗೆ ಬರುವುದು ಯಾವುದು?' ಎಂದು ಕೇಳಿ ನೋಡಬೇಕು. ನಾಗರಹಾವಿನ ಪದ್ಯವನ್ನು ಅವರು ತಡೆಯಿಲ್ಲದೆ ಹೇಳಿಯಾರು. ತೆಂಕಣ ಗಾಳಿಯ ಪದ್ಯವನ್ನು ಹೇಳುವಾಗ ಅವರ ಕೈಗಳೂ ತಾವಾಗಿಯೇ ಆಡತೊಡಗಿಯಾವು. ಆದರೆ ಅದನ್ನು ಬರೆದವರು ಯಾರೆಂದು ಕೇಳಿದಲ್ಲಿ ಅನೇಕರು ಸ್ವಲ್ಪ ಹೊತ್ತು ಸುಮ್ಮನಾಗುವುದುಂಟು. 'ಯಾರೋ ಕವಿಶಿಷ್ಯರಂತೆ' ಎನ್ನುವವರೂ ಇದ್ದಾರೆ. ಇದು ಹಿರಿಯರ ಮರೆವೆಂದು ನಾವು ಹೇಳಲಾರೆವು. ತನ್ನ ಹೆಸರನ್ನು ಮರೆಯಿಸಿ ಪದ್ಯವನ್ನು ಮಾತ್ರ ಮಕ್ಕಳ ಬಾಯಲ್ಲಿ ನಿಲ್ಲಿಸಬೇಕೆಂಬುದು ಆ ಕವಿಯ ಸ್ವಂತ ಇಚ್ಛೆಯೇ ಆಗಿದ್ದಿತು. ಪಂಜೆ ಮಂಗೇಶರಾಯರು ಪದ್ಯಗಳಿಗೆ 'ಕವಿಶಿಷ್ಯ'ನೆಂದೂ ಹರಟೆಗಳಿಗೆ 'ಹರಟೆಮಲ್ಲ'ನೆಂದೂ ಅಂಕಿತವಿಟ್ಟರು. ಕೆಲವೆಡೆ 'ರಾ. ಮ. ಪಂ.' ಎಂಬ ಮೂರು ಅಕ್ಷರಗಳಲ್ಲಿಯೇ ಮುಗಿಸಿಬಿಟ್ಟರು.

ನಮ್ಮ ಸಂಘದ ವಾರ್ಷಿಕ ಸಂಚಿಕೆಯಲ್ಲಿ ಪಂಜೆಯವರನ್ನು ಕುರಿತು ಬರೆಯಲು ಹೊರಟುದಕ್ಕೆ ಅವರ ಮೇಲಿನ ಅಭಿಮಾನ ಒಂದು ಕಾರಣ. ಬೇರೊಂದು ಕಾರಣವೂ ಉಂಟು. ಅವರ ಬರಹದ ಚರಿತ್ರೆಯಲ್ಲಿ ನಮ್ಮಂಥ ಗಡಿಯವರು ಗಮನಿಸಬೇಕಾದ ವಿಷಯವೊಂದಿದೆ. ಅದನ್ನು ಇದುವರೆಗೆ ನಾವು ಸಾಕಷ್ಟು ಗಮನಿಸಿಲ್ಲವೆಂದೇ ನಮಗೆ ತೋರುತ್ತದೆ.

ಪಂಜೆಯವರು ೧೮೭೪ನೆಯ ಇಸವಿ ಫೆಬ್ರವರಿ ೨೨ರಂದು ನೇತ್ರಾವತಿಯ ದಡದಲ್ಲಿರುವ ಬಂಟವಾಳದಲ್ಲಿ ಜನಿಸಿದರು. ತಂದೆ ರಾಮಪ್ಪಯ್ಯನವರು. ಸುಬ್ರಹ್ಮಣ್ಯದ ಹಾದಿಯಲ್ಲಿರುವ ಪಂಜವೆಂಬ ಗ್ರಾಮದಿಂದ ಮನೆತನಕ್ಕೆ ಹೆಸರು ಬಂದಿತು. ಸಾರಸ್ವತರಾದುದರಿಂದ ಒಲೆಯ ಮುಂದಿನ ಮಾತು ಕೊಂಕಣಿ. ಅಂಗಳ ದಾಟಿ ಪೇಟೆಗಿಳಿದರೆ ಸುತ್ತಲೂ ತುಳು. ಕನ್ನಡವು ಅವರಿಗೆ ಶಾಲೆಯಲ್ಲಿ, ಪುರಾಣವಾಚನದಲ್ಲಿ, ತಾಳಮದ್ದಳೆಯಲ್ಲಿ ದೊರೆತ ಭಾಷೆ. ಆ ಮೇಲೆ ಮಂಗಳೂರಿನ ವಿದ್ಯಾಭ್ಯಾಸದಲ್ಲಿ ಇಂಗ್ಲಿಷು ಬಂದು ಸೇರಿತು. ಮಕ್ಕಳಿಗೆ ಕನ್ನಡದ ಸವಿಯನ್ನು ಹಚ್ಚಿದ ಈ ಮಹನೀಯರಿಗೆ ಕನ್ನಡವು ಮನೆಮಾತಲ್ಲವಾಗಿದ್ದಿತು ಎಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕು.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಎಂದರೆ ಕುಂದಾಪುರದಿಂದ ಕಾಸರಗೋಡಿನವರೆಗೆ ಹಬ್ಬಿದ್ದ ಮದ್ರಾಸು ಪ್ರಾಂತದ ಆ ಜಿಲ್ಲೆಯಲ್ಲಿ, ಬಹುಜನರ ಪಾಲಿಗೆ ಕನ್ನಡವೆಂಬುದು ಮನೆಯಿಂದ ಹೊರಗೆ ಕಾಲಿಟ್ಟ ಮೇಲೆ ಎದುರಾಗುವ ಭಾಷೆ. ತುಳುವರಿಗೂ ಕೊಂಕಣಿಗರಿಗೂ ಬ್ಯಾರಿಗಳಿಗೂ ಮರಾಠಿ ಮಾತಾಡುವ ಕರಾಡರಿಗೂ ನ್ಯಾಯಸ್ಥಾನದ, ಪಟ್ಟೆಯ, ಪಾಠದ ಭಾಷೆ ಅದೇ. ಬಾಸೆಲ್ ಮಿಶನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದು, ೧೮೪೧ರಲ್ಲಿ ಅಚ್ಚುಕೂಟವನ್ನು ಸ್ಥಾಪಿಸಿ, ೧೮೪೩ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ೧೮೯೪ರಲ್ಲಿ ಕಿಟ್ಟೆಲ್ ಪಂಡಿತರ ನಿಘಂಟು ಪ್ರಕಟವಾಯಿತು. ಹೀಗೆ ಹೊರಗಿನಿಂದ ಬಂದ ಜರ್ಮನರೂ ಒಳಗಿದ್ದ ತುಳುವ ಕೊಂಕಣಿಗರೂ ಸೇರಿ ಒಂದು ಭಾಷೆಯನ್ನು ಪ್ರಯತ್ನಪೂರ್ವಕವಾಗಿ ಒಲಿಸಿಕೊಂಡ ಪ್ರದೇಶವಿದು. ಮನೆಮಾತಿನವನಿಗೆ ಭಾಷೆ ಉಸಿರಿನಂತೆ ಬರುತ್ತದೆ. ಅದು ಎಲ್ಲಿ ಕಷ್ಟವೆಂಬುದು ಅವನಿಗೆ ತಿಳಿಯುವುದೇ ಇಲ್ಲ. ಕಲಿತು ಬಂದವನಿಗೆ ಮಾತ್ರ ಎಳೆಯ ನಾಲಗೆ ಎಲ್ಲಿ ತೊಡರುತ್ತದೆ, ಯಾವ ಸದ್ದು ಅದಕ್ಕೆ ಬೆಲ್ಲವಾಗುತ್ತದೆ ಎಂಬುದು ಗೊತ್ತು. ಪಂಜೆಯವರ ಶಿಶುಗೀತಗಳಲ್ಲಿ ಅರ್ಥಕ್ಕಿಂತ ಮೊದಲು ಸದ್ದು ಬರುತ್ತದೆ. ಗಾಳಿ ಬೀಸುವುದು, ಮರ ಮುರಿಯುವುದು, ಹಾವು ಹರಿಯುವುದು, ಇವೆಲ್ಲ ಕಿವಿಗೆ ತಾಗಿದ ಬಳಿಕವೇ ಬುದ್ಧಿಗೆ ತಿಳಿಯುತ್ತವೆ. ಕನ್ನಡವನ್ನು ಹೊಸದಾಗಿ ಕೇಳುವ ಮಗುವಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಬೇರೊಂದಿರಲಾರದು. ಅವರು ಇದನ್ನು ತರ್ಕದಿಂದ ಯೋಚಿಸಿ ಮಾಡಿದರೋ ತಮ್ಮ ಬಾಲ್ಯದ ನೆನಪಿನಿಂದ ಮಾಡಿದರೋ ನಾವು ನಿರ್ಣಯಿಸಲಾರೆವು. ಎರಡನೆಯದೇ ಇದ್ದೀತೆಂದು ನಮ್ಮ ಊಹೆ.

ಬಾಲಸಾಹಿತಿಯೆಂದು ಪ್ರಸಿದ್ಧರಾದ ಪಂಜೆಯವರು ದೊಡ್ಡವರಿಗಾಗಿಯೂ ಬರೆದರೆಂಬುದನ್ನು ಇಲ್ಲಿ ಹೇಳಿಬಿಡಬೇಕು. ಅವರ ಭಾವಮೈದುನರಾದ ಬೆನೆಗಲ್ ರಾಮರಾಯರು ೧೯೦೦ದಲ್ಲಿ ಮಂಗಳೂರಿನಲ್ಲಿ 'ಸುವಾಸಿನಿ'ಯೆಂಬ ಮಾಸಪತ್ರಿಕೆಯನ್ನು ಆರಂಭಿಸಿದರು. 'ನನ್ನ ಚಿಕ್ಕತಾಯಿ', 'ನನ್ನ ಚಿಕ್ಕತಂದೆ', 'ಕಮಲಪುರದ ಹೋಟ್ಲಿನಲ್ಲಿ' ಮೊದಲಾದ ಬರಹಗಳು ಹುಟ್ಟಿದುದು ಆ ಕಾಲದಲ್ಲಿ. ಮಾಸ್ತಿಯವರ 'ರಂಗನ ಮದುವೆ'ಗೆ ಸುಮಾರು ಹತ್ತು ವರ್ಷ ಮುಂಚಿನ ಮಾತಿದು. ಇವನ್ನು ಸಣ್ಣಕಥೆಗಳೆನ್ನಬೇಕೋ ಪ್ರಬಂಧಗಳೆನ್ನಬೇಕೋ ಎಂಬ ವಿಷಯದಲ್ಲಿ ವಿಮರ್ಶಕರು ಬಹಳ ಶಾಯಿಯನ್ನು ವೆಚ್ಚ ಮಾಡಿದ್ದಾರೆ. ನಮಗೆ ಆ ಜಗಳ ಅಷ್ಟು ಮುಖ್ಯವಾಗಿ ಕಾಣುವುದಿಲ್ಲ. ಹರಟೆಯ ಧಾಟಿಯಲ್ಲಿ ಆರಂಭಿಸಿ, ಮನೆಯ ಹಿರಿಯರ ಸಣ್ಣಪುಟ್ಟ ದೌರ್ಬಲ್ಯಗಳನ್ನು ಪ್ರೀತಿಯಿಂದಲೇ ತೋರಿಸಿ, ಓದುಗನು ನಗುತ್ತಿರುವಾಗಲೇ ಅವನ ಮನೆಯ ಚಿಕ್ಕತಾಯಿಯನ್ನೂ ನೆನಪಿಗೆ ತರುವ ವಿದ್ಯೆ ಅದು. 'ಹೋಟ್ಲು' ಎಂಬ ಬಳಕೆಯ ಮಾತನ್ನು ತಿದ್ದದೆ ಶೀರ್ಷಿಕೆಯಲ್ಲಿಯೇ ಇಡುವ ಧೈರ್ಯ ೧೯೦೦ರ ಕಾಲದಲ್ಲಿ ಎಷ್ಟು ಮಂದಿಗೆ ಇದ್ದಿತು? ಗದ್ಯವೆಂದರೆ ಸಂಸ್ಕೃತ ಸಮಾಸಗಳ ಭಾರದಿಂದ ಬಾಗಿರಬೇಕೆಂದು ತಿಳಿದಿದ್ದ ದಿನಗಳವು.

ಹಳಗನ್ನಡವನ್ನು ತಿಳಿಯದೆ ತಿಳಿಗನ್ನಡವನ್ನು ಹಿಡಿದವರೆಂದು ಯಾರೂ ಭಾವಿಸಬೇಕಾಗಿಲ್ಲ. ಕೇಶಿರಾಜನ 'ಶಬ್ದಮಣಿದರ್ಪಣ'ಕ್ಕೆ ಕಿಟ್ಟೆಲರು ಸಿದ್ಧಪಡಿಸಿದ್ದ ಆವೃತ್ತಿಯು ೧೯೨೦ರಲ್ಲಿ ಮಂಗಳೂರಿನಿಂದ ಪುನಃ ಅಚ್ಚಾದಾಗ ಅದನ್ನು ಪರಿಷ್ಕರಿಸಿದವರು ಪಂಜೆಯವರೇ. ಶಾಲೆಯ ಮಕ್ಕಳಿಗಾಗಿ 'ಕನ್ನಡ ಮೂಲ ವ್ಯಾಕರಣ'ವನ್ನೂ ಬರೆದರು. ಪಾಂಡಿತ್ಯವಿದ್ದೂ ಅದನ್ನು ಮಕ್ಕಳ ಎದುರಿಗೆ ಒಗ್ಗರಣೆ ಹಾಕದೆ ಇದ್ದರಲ್ಲ, ಅದೇ ದೊಡ್ಡದು.

ಅವರ ಉದ್ಯೋಗದ ಬಹುಭಾಗ ವಿದ್ಯಾ ಇಲಾಖೆಯಲ್ಲಿ ಕಳೆಯಿತು. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿದ್ದು, ಬಿ. ಎ. ಮತ್ತು ಎಲ್. ಟಿ. ಪರೀಕ್ಷೆಗಳನ್ನು ಮುಗಿಸಿ, ಶಾಲೆಗಳ ಸಬ್ ಅಸಿಸ್ಟೆಂಟ್ ಇನ್‌ಸ್ಪೆಕ್ಟರರಾದರು. ಆ ಕಾಲದ ಹಳ್ಳಿಯ ಐಡೆಡ್ ಶಾಲೆಯ ಸ್ಥಿತಿಯನ್ನು ಬಲ್ಲವರಿಗೆ ಇನ್‌ಸ್ಪೆಕ್ಟರರ ಭೇಟಿಯೆಂದರೆ ಏನೆಂಬುದು ಗೊತ್ತಿರುತ್ತದೆ. ಶಾಲೆಗೆ ಬರುವ ಗ್ರಾಂಟು ಅವರ ವರದಿಯನ್ನು ಅವಲಂಬಿಸಿರುತ್ತಿದ್ದಿತು. ಅಧ್ಯಾಪಕರ ಮನೆಯ ಗಂಜಿ ಆ ಗ್ರಾಂಟನ್ನು ಅವಲಂಬಿಸಿರುತ್ತಿದ್ದಿತು. ಹಿಂದಿನ ದಿನವೇ ನೆಲಕ್ಕೆ ಸೆಗಣಿ ಸಾರಿಸಿ, ಮಕ್ಕಳಿಗೆ ಒಗೆದ ಅಂಗಿ ತೊಡಿಸಿ, ಮಗ್ಗಿಯನ್ನು ಮತ್ತೆ ಮತ್ತೆ ಒಪ್ಪಿಸಿಕೊಂಡು, ಎದೆಯನ್ನು ಕೈಯಲ್ಲಿ ಹಿಡಿದು ಕಾಯುವುದು. ಮಂಗಳೂರಿಗೆ ರೈಲು ಬಂದುದು ೧೯೦೭ರಲ್ಲಿ. ಬಂದ ಮೇಲೂ ಒಳನಾಡಿನ ಶಾಲೆಗಳಿಗೆ ಎತ್ತಿನ ಗಾಡಿಯೇ, ಹೊಳೆಗೆ ದೋಣಿಯೇ, ಮಿಕ್ಕುದಕ್ಕೆ ಕಾಲೇ. ಹೀಗೆ ಬಂದ ಇನ್‌ಸ್ಪೆಕ್ಟರರು ಮಗ್ಗಿ ಕೇಳುವುದನ್ನು ಬಿಟ್ಟು ಮಕ್ಕಳ ನಡುವೆ ನಿಂತು ಕಥೆ ಹೇಳಿ ಪದ್ಯ ಹಾಡಿಸಿ ನಗಿಸುತ್ತಿದ್ದರೆಂದು ನಮ್ಮ ಜಿಲ್ಲೆಯಲ್ಲಿ ಹಿರಿಯರು ಹೇಳುತ್ತ ಬಂದಿದ್ದಾರೆ. ಬಾಸೆಲ್ ಮಿಶನಿನವರಿಗಾಗಿ ಅವರು ಸಿದ್ಧಪಡಿಸಿದ ಪದ್ಯಪುಸ್ತಕಗಳು ೧೯೧೨ರಿಂದ ೧೯೨೭ರ ನಡುವೆ ಮೂರು ಭಾಗಗಳಲ್ಲಿ ಹೊರಬಂದವು. ಶಾಲೆಗಳನ್ನು ನೋಡಿ ನೋಡಿ, ಮಕ್ಕಳ ಮುಖದ ಮೇಲೆ ಯಾವ ಪದ್ಯಕ್ಕೆ ಬೆಳಕು ಬರುತ್ತದೆಂದು ಅರಿತವರು ಮಾಡಿದ ಪುಸ್ತಕಗಳವು.

ಮಕ್ಕಳ ಪುಸ್ತಕಗಳಿಗಾಗಿಯೇ ೧೯೨೧ರಲ್ಲಿ ಮಂಗಳೂರಿನಲ್ಲಿ 'ಬಾಲಸಾಹಿತ್ಯ ಮಂಡಲ'ವು ಸ್ಥಾಪನೆಯಾಯಿತು. ಪಂಜೆಯವರೇ ಅದರ ಜೀವಾಳ. 'ಮೂರು ಕರಡಿಗಳು', 'ಇಲಿಗಳ ಥಕಥೈ', 'ಹೇನು ಸತ್ತು ಕಾಗೆ ಬಡವಾಯಿತು', 'ಸಿಗಡಿ ಯಾಕೆ ಒಣಗಲಿಲ್ಲ?' ಮೊದಲಾದ ಕಥೆಗಳು ಅವರ ಲೇಖನಿಯಿಂದ ಬಂದವು. ಇವುಗಳಲ್ಲಿ ಕೆಲವು ಹೊರಗಿನವು, ಕೆಲವು ಅಜ್ಜಿಯರ ಬಾಯಿಯವು. ಮೂರು ಕರಡಿಗಳ ಕಥೆಯನ್ನು ಇಂಗ್ಲಿಷಿನಲ್ಲಿ ರಾಬರ್ಟ್ ಸದಿಯೆಂಬ ಕವಿ ೧೮೩೭ರಲ್ಲಿ ಅಚ್ಚು ಮಾಡಿಸಿದ್ದನು. ಅದು ಪಂಜೆಯವರ ಕೈಯಲ್ಲಿ ನಮ್ಮದೇ ಊರಿನ ಕಾಡಿನಿಂದ ಇಳಿದು ಬಂದಂತೆ ಆಗಿಬಿಟ್ಟಿತು.

ಸಿಗಡಿಯ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಒಣಗಲಿಟ್ಟ ಸಿಗಡಿ ಒಣಗಲಿಲ್ಲ. ಏಕೆಂದು ಕೇಳಿದರೆ ಅದು ಹುಲ್ಲಿನ ಮೇಲೆ ತಪ್ಪು ಹೊರಿಸುತ್ತದೆ. ಹುಲ್ಲು ದನದ ಮೇಲೆ, ದನ ತನ್ನನ್ನು ಮೇಯಿಸಬೇಕಾದವನ ಮೇಲೆ, ಹೀಗೆ ತಪ್ಪು ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಸಾಗಿ ಕಡೆಗೆ ಒಂದು ಇರುವೆಯ ಬಳಿಗೆ ಬಂದು ನಿಲ್ಲುತ್ತದೆ. ಇಂಥ ಸರಪಳಿ ಕಥೆಗಳು ಲೋಕದ ಎಲ್ಲ ಕಡೆಯೂ ಇವೆ. ತೆಲುಗರಲ್ಲಿ ಇದೇ ಕಥೆ ಏಳು ರಾಜಕುಮಾರರು ಹಿಡಿದು ತಂದ ಏಳು ಮೀನುಗಳ ಕಥೆಯಾಗಿದೆ. ನಮ್ಮಲ್ಲಿ ರಾಜಕುಮಾರರಿಲ್ಲ, ಮಳೆಗಾಲಕ್ಕೆ ಮುಂಚೆ ಅಂಗಳದ ಬಿಸಿಲಿನಲ್ಲಿ ಚಾಪೆಯ ಮೇಲೆ ಹರಡುವ ಸಿಗಡಿ ಇದೆ. ಕರಾವಳಿಯ ಬಡವರ ಚಟ್ಣಿಗೆ ಬೀಳುವ ಆ ಪ್ರಾಣಿಯನ್ನು ಶಾಲೆಯ ಕಥೆಯ ನಾಯಕನನ್ನಾಗಿ ಮಾಡಿದುದನ್ನು ಕಂಡು ಅಂದಿನ ಕೆಲವು ಪಂಡಿತರು ಮೂಗು ಮುಚ್ಚಿಕೊಂಡಿದ್ದರೆ ನಮಗೆ ಆಶ್ಚರ್ಯವಿಲ್ಲ. ಈ ಕಥೆಯ ಗುಣವೆಂದರೆ, ಒಂದೇ ಪ್ರಶ್ನೆ ಮರಳಿ ಮರಳಿ ಬರುತ್ತದೆ; ಪ್ರತಿ ಸಲವೂ ಒಂದೇ ಒಂದು ಹೊಸ ಮಾತು ಸೇರುತ್ತದೆ. ಮೂರನೆಯ ಸಲಕ್ಕೆ ಮಗು ತಾನೇ ಪ್ರಶ್ನೆ ಕೇಳತೊಡಗುತ್ತದೆ. ಭಾಷೆ ತಿಳಿಯದ ಮಗುವಿಗೆ ಭಾಷೆಯನ್ನು ಕಲಿಸುವ ಉಪಾಯ ಇದರಲ್ಲಿ ಅಡಗಿದೆ. ಕಥೆಯೆಂದು ಕೇಳುವ ಮಗುವಿಗೆ ಪಾಠವೆಂಬ ಸುಳಿವೂ ಸಿಕ್ಕುವುದಿಲ್ಲ.

ಆದರೆ ಪಂಜೆಯವರ ಕೃತಿಗಳಲ್ಲಿ ನಮ್ಮ ಸೀಮೆಗೆ ಅತ್ಯಂತ ಹತ್ತಿರವಾದುದು ೧೯೨೪ರಲ್ಲಿ ಪ್ರಕಟವಾದ 'ಕೋಟಿ ಚೆನ್ನಯ'. ಕೋಟಿ ಚೆನ್ನಯರು ತುಳುನಾಡಿನ ಬಿಲ್ಲವ ವೀರರು. ದೇಯಿ ಬೈದೆತಿಯ ಅವಳಿ ಮಕ್ಕಳು. ಗರಡಿಗಳಲ್ಲಿ ಇಂದಿಗೂ ಪೂಜೆಗೊಳ್ಳುವವರು. ಅವರ ಚರಿತ್ರೆಯನ್ನು ನಾಟಿಯ ಗದ್ದೆಯಲ್ಲಿ ಹೆಂಗಸರೂ, ನೇಮದ ರಾತ್ರಿಯಲ್ಲಿ ಕಟ್ಟುವವರೂ ತುಳುವಿನ ಪಾಡ್ದನವಾಗಿ ಹಾಡುತ್ತ ಬಂದರು. ಮಿಶನಿನ ಮ್ಯಾನರ್ ಪಾದ್ರಿಗಳು ೧೮೮೬ರಲ್ಲಿ ಪಾಡ್ದನಗಳನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿದರು. ಬರ್ನೆಲ್ಲರ ಸಂಗ್ರಹದಲ್ಲಿದ್ದವು ೧೮೯೪ರಿಂದ ಇಂಗ್ಲಿಷಿನ ವಿದ್ವತ್ಪತ್ರಿಕೆಯೊಂದರಲ್ಲಿ ಬೆಳಕು ಕಂಡವು. ಅವು ಪಂಡಿತರ ಕಪಾಟಿಗೆ ಸೇರಿದವು. ಕನ್ನಡ ಓದುವ ಹುಡುಗನ ಕೈಗೆ ಈ ಕಥೆಯನ್ನು ಗದ್ಯವಾಗಿ ಇಟ್ಟವರು ಪಂಜೆಯವರು.

ಇದರಲ್ಲಿ ಎರಡು ಸಂಗತಿಗಳು ನಮ್ಮನ್ನು ಬಹಳವಾಗಿ ಯೋಚನೆಗೆ ಹಚ್ಚುತ್ತವೆ. ಕಥೆ ಪಡುಮಲೆಯಲ್ಲಿ ಆರಂಭವಾಗಿ, ಅಕ್ಕ ಕಿನ್ನಿದಾರು ಮದುವೆಯಾಗಿ ಹೋದ ಪಂಜದ ಮೂಲಕ ಸಾಗಿ, ಎಣ್ಮೂರಿನಲ್ಲಿ ಮುಗಿಯುತ್ತದೆ. ಅವಳಿ ವೀರರನ್ನು ಮೋಸದಿಂದ ಸೆರೆಯಲ್ಲಿಟ್ಟುದೂ ಆ ಪಂಜದಲ್ಲಿಯೇ. ಎಂದರೆ ತಮ್ಮ ಹೆಸರಿನೊಂದಿಗೇ ಅಂಟಿಕೊಂಡಿದ್ದ ಊರಿನ ಕಥೆಯನ್ನು ಮಂಗೇಶರಾಯರು ಬರೆದರು. ತಮ್ಮೂರಿನ ಬಲ್ಲಾಳನ ಅನ್ಯಾಯವನ್ನು ಮರೆಮಾಚದೆ ಬರೆದರು. ಮತ್ತೊಂದು ಸಂಗತಿ ಕಾಲಕ್ಕೆ ಸಂಬಂಧಿಸಿದುದು. ದೇವಸ್ಥಾನದ ಒಳಗೆ ಬಿಲ್ಲವರಿಗೆ ಪ್ರವೇಶವಿಲ್ಲದಿದ್ದುದರಿಂದ ನಾರಾಯಣಗುರುಗಳು ೧೯೧೨ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಿಸಿದ್ದರು. ಅದಾಗಿ ಹನ್ನೆರಡೇ ವರ್ಷಗಳಲ್ಲಿ ಒಬ್ಬ ಸಾರಸ್ವತ ಅಧ್ಯಾಪಕರು ಬಿಲ್ಲವ ವೀರರನ್ನು ಎಲ್ಲ ಜಾತಿಯ ಮಕ್ಕಳೂ ಓದಬೇಕಾದ ನಾಯಕರನ್ನಾಗಿ ನಿಲ್ಲಿಸಿದರು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಹುಡುಗನೊಬ್ಬನು ತನ್ನ ಮನೆಯ ದೈವಗಳನ್ನು ಮೊತ್ತಮೊದಲು ಪುಸ್ತಕದಲ್ಲಿ ಕಂಡಾಗ ಅವನಿಗೆ ಏನನಿಸಿರಬೇಕು! ತುಳುವಿನ ಸಂಪತ್ತು ಕನ್ನಡಕ್ಕೆ ಬಂದುದರಿಂದ ತುಳುವು ಬಡವಾಗಲಿಲ್ಲ. ಪಾಡ್ದನವು ಪಾಡ್ದನವಾಗಿಯೇ ಉಳಿಯಿತು. ಮನೆಮಾತು ಮತ್ತು ಶಾಲೆಯ ಮಾತುಗಳು ಒಂದನ್ನೊಂದು ತುಳಿಯದೆ ಬಾಳಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ನಮಗೆ ದೊರೆತಿಲ್ಲ.

ಕೊಡಗಿಗೆ ಹೋದಾಗಲೂ ಅವರು ಇದನ್ನೇ ಮಾಡಿದರು. ಆಗ ಕೊಡಗು ಬೇರೆಯೇ ಪ್ರಾಂತ. ಮನೆಯಲ್ಲಿ ಕೊಡವ ತಕ್ಕ್, ಶಾಲೆಯಲ್ಲಿ ಕನ್ನಡ. ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಪಂಜೆಯವರು ಅಲ್ಲಿಯ ಹೊಸ ಅಕ್ಕಿಯ ಹಬ್ಬವನ್ನು ನೆನೆದು 'ಹುತ್ತರಿಯ ಹಾಡ'ನ್ನು ರಚಿಸಿದರು. ಕೊಡವರು ಅದನ್ನು ತಮ್ಮ ನಾಡಿನ ಹಾಡಾಗಿ ಮಾಡಿಕೊಂಡರು. ಕೊಂಕಣಿ ಮನೆಮಾತಿನವರೊಬ್ಬರು ಕನ್ನಡದಲ್ಲಿ ಬರೆದ ಹಾಡು ಕೊಡವರ ಹೆಮ್ಮೆಯ ಹಾಡಾಯಿತು. ನಮ್ಮ ಕಡೆಯ ಮಲೆಯಾಳಿ ನೆರೆಯವರು ಅದೇ ಹಬ್ಬವನ್ನು ಪುತ್ತರಿಯೆನ್ನುತ್ತಾರೆ, ತುಳುವರು ಪುದ್ವಾರ್ ಎನ್ನುತ್ತಾರೆ, ಅಕ್ಕಿ ಒಂದೇ.

೧೯೩೪ರಲ್ಲಿ ಪಂಜೆಯವರು ರಾಯಚೂರಿನಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ರಾಯಚೂರು ಆಗ ನಿಜಾಮರ ಸಂಸ್ಥಾನಕ್ಕೆ ಸೇರಿದ್ದಿತು. ಅಲ್ಲಿಯ ಆಡಳಿತ, ಉಚ್ಚ ಶಿಕ್ಷಣ ಎಲ್ಲವೂ ಉರ್ದುವಿನಲ್ಲಿ. ಮದ್ರಾಸು ಪ್ರಾಂತದ ತುದಿಯಿಂದ ಬಂದ ಕನ್ನಡಿಗರು, ಹೈದರಾಬಾದು ಸಂಸ್ಥಾನದ ಅಂಚಿನಲ್ಲಿದ್ದ ಕನ್ನಡಿಗರನ್ನು ಕಂಡ ಸಮ್ಮೇಳನವದು. ಮೂರು ವರ್ಷಗಳ ಬಳಿಕ, ೧೯೩೭ರ ಅಕ್ಟೋಬರ್ ೨೫ರಂದು, ಹೈದರಾಬಾದಿನಲ್ಲಿಯೇ ಅವರು ತೀರಿಕೊಂಡರು. ೧೯೫೬ನೆಯ ನವೆಂಬರ್ ೧ರಂದು ಪ್ರಾಂತಗಳ ಎಲ್ಲೆಗಳು ಬದಲಾದವು. ಅವರು ಅಧ್ಯಕ್ಷತೆ ವಹಿಸಿದ ರಾಯಚೂರು ಮೈಸೂರು ರಾಜ್ಯಕ್ಕೆ ಬಂದು ಸೇರಿತು. ಅವರು ಇನ್‌ಸ್ಪೆಕ್ಟರರಾಗಿದ್ದ ಜಿಲ್ಲೆಯ ಭಾಗವೇ ಆಗಿದ್ದ ಕಾಸರಗೋಡು ತಾಲೂಕು ಅದೇ ದಿನ ಕೇರಳಕ್ಕೆ ಹೋಯಿತು. ಅದನ್ನು ಕುರಿತು ನಮ್ಮ ಸೀಮೆಯಲ್ಲಿ ನಡೆದ ಹೋರಾಟವನ್ನು ಇಲ್ಲಿ ವಿಸ್ತರಿಸುವುದಿಲ್ಲ. ವಾಚಕರಿಗೆ ಅದು ಮನೆಯ ಮಾತೇ ಆಗಿದೆ.

ಪಂಜೆಯವರಲ್ಲಿ ಕೊರತೆಗಳಿಲ್ಲವೆಂದು ನಾವು ವಾದಿಸುವುದಿಲ್ಲ. ಬರೆದುದು ಅವರ ಶಕ್ತಿಗೆ ಹೋಲಿಸಿದರೆ ಕಡಮೆಯೇ. ಬರೆದುದನ್ನೂ ಪತ್ರಿಕೆಗಳಲ್ಲಿ, ಪಾಠಪುಸ್ತಕಗಳಲ್ಲಿ, ಬೇರೆ ಬೇರೆ ಅಂಕಿತಗಳಲ್ಲಿ ಚೆಲ್ಲಿ ಬಿಟ್ಟರು. ಕೂಡಿಸಿಡುವ ಗೊಡವೆಗೆ ಹೋಗಲಿಲ್ಲ. ಅವರ ಜನ್ಮಶತಾಬ್ದಿಯ ಕಾಲಕ್ಕೆ, ೧೯೭೦ರ ದಶಕದಲ್ಲಿ, ಅವು ಸಂಪುಟಗಳಾಗಿ ಬಂದವು. ಆ ವೇಳೆಗೆ ಎರಡು ತಲೆಮಾರಿನ ಮಕ್ಕಳು ಕವಿಯ ಹೆಸರು ತಿಳಿಯದೆಯೇ ಪದ್ಯ ಹೇಳಿ ದೊಡ್ಡವರಾಗಿದ್ದರು. 'ಐತಿಹಾಸಿಕ ಕಥಾವಳಿ'ಯಂಥ ಪುಸ್ತಕಗಳ ಭಾಷೆ ಇಂದಿನ ಮಗುವಿಗೆ ಸ್ವಲ್ಪ ಗಟ್ಟಿಯೇ ಎಂಬುದನ್ನೂ ಒಪ್ಪಬೇಕು.

ಕಾಸರಗೋಡಿನಲ್ಲಿ ಅವರ ದಾರಿ ನಿಂತುಹೋಗಲಿಲ್ಲ. ಮಂಜೇಶ್ವರದ ಗೋವಿಂದ ಪೈಗಳು ಪಂಜೆಯವರನ್ನು ಗುರುಭಾವದಿಂದ ಕಂಡವರು; ಪೈಗಳ ಮನೆಮಾತೂ ಕೊಂಕಣಿಯೇ. ತುಳು ಮನೆಮಾತಿನ ಕಯ್ಯಾರ ಕಿಞ್ಞಣ್ಣ ರೈಗಳು ಪೆರಡಾಲದಲ್ಲಿ ಅಧ್ಯಾಪಕರಾಗಿದ್ದು, ಪಂಜೆಯವರಂತೆಯೇ ಮಕ್ಕಳಿಗಾಗಿ ಪಾಠಮಾಲೆಯನ್ನು ಬರೆದು, ೨೦೧೫ರಲ್ಲಿ ನೂರು ವರ್ಷ ತುಂಬಿದ ಮೇಲೆ ನಮ್ಮನ್ನು ಅಗಲಿದರು. ಕನ್ನಡವನ್ನು ಮನೆಯಲ್ಲಿ ಪಡೆಯದೆ ಶಾಲೆಯಲ್ಲಿ ಪಡೆದು, ಪಡೆದುದನ್ನು ಶಾಲೆಗೇ ಹಿಂದಿರುಗಿಸಿದವರ ಸಾಲಿದು. ಈ ಸಾಲು ನಿಲ್ಲುವುದು ಶಾಲೆಯ ಮೇಲೆ. ಕನ್ನಡ ಮಾಧ್ಯಮದ ತರಗತಿಗಳಲ್ಲಿ ಮಕ್ಕಳು ಕಡಮೆಯಾಗುತ್ತಿರುವುದನ್ನು ನಾವೆಲ್ಲರೂ ಕಾಣುತ್ತಿದ್ದೇವೆ. ಕನ್ನಡ ತಿಳಿಯದವರನ್ನು ಕನ್ನಡ ತರಗತಿಗೆ ಅಧ್ಯಾಪಕರನ್ನಾಗಿ ಕಳುಹಿಸಿದ ಪ್ರಸಂಗಗಳನ್ನೂ ಅನುಭವಿಸಿದ್ದೇವೆ. ಅದನ್ನು ಎದುರಿಸುವುದು ಮನವಿಗಳ, ಸಭೆಗಳ ಕೆಲಸ. ಅದು ನಡೆಯುತ್ತಲೇ ಇದೆ. 'ಮನೆಮಾತು ಕನ್ನಡವಲ್ಲವಷ್ಟೆ, ಮಗುವನ್ನು ಏಕೆ ಕನ್ನಡ ಶಾಲೆಗೆ ಹಾಕಬೇಕು?' ಎಂದು ನಮ್ಮವರೇ ಕೇಳುವ ಪ್ರಶ್ನೆಯೊಂದಿದೆ. ಆ ಪ್ರಶ್ನೆಯನ್ನು ೧೮೮೦ರ ಸುಮಾರಿಗೆ ಬಂಟವಾಳದಲ್ಲಿ ರಾಮಪ್ಪಯ್ಯನವರು ಕೇಳಿಕೊಂಡಿದ್ದರೆ ನಮಗೆ ನಾಗರಹಾವಿನ ಪದ್ಯ ಎಲ್ಲಿಂದ ಬರುತ್ತಿದ್ದಿತು?

ಗಡಿಯ ಒಂದು ಸಣ್ಣ ಶಾಲೆಯ ಎರಡನೆಯ ತರಗತಿಯಲ್ಲಿ ನಾವು ಒಂದು ದಿನ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆವು. ಅಧ್ಯಾಪಿಕೆಯವರು ಸಿಗಡಿಯ ಕಥೆಯನ್ನು ಎತ್ತಿದೊಡನೆ, ಸಿಗಡಿಯೆಂದರೇನೆಂದು ಒಂದು ಮಗು ಕೇಳಿತು. ಇನ್ನೊಂದು, 'ಎಟ್ಟಿ' ಎಂದಿತು. ಕಿಟಿಕಿಯ ಬಳಿಯ ಹುಡುಗಿ, 'ಅಲ್ಲ, ಚೆಮ್ಮೀನ್' ಎಂದಳು. ಮುಂದೆ ಕುಳಿತಿದ್ದ ಪುಟ್ಟವನೊಬ್ಬನು ತನ್ನ ಮನೆಯಲ್ಲಿ ಅದು 'ಸುಂಗಟ'ವೆಂದು ಎದ್ದು ನಿಂತು ಹೇಳಿದನು. ಅಧ್ಯಾಪಿಕೆಯವರು ಯಾರನ್ನೂ ಗದರಲಿಲ್ಲ. ನಾಲ್ಕು ಹೆಸರುಗಳನ್ನೂ ಕರಿಹಲಗೆಯ ಮೇಲೆ ಕನ್ನಡ ಅಕ್ಷರಗಳಲ್ಲಿ ಒಂದರ ಕೆಳಗೊಂದು ಬರೆದು, ಕಥೆಯನ್ನು ಮೊದಲಿನಿಂದ ಆರಂಭಿಸಿದರು.